ಅಂಟಿಲ್ಲದ ಕರದಂಟು

ಮೇಲವಂಕಿ
ತಾ. 5-11-1958

ಪದ್ಮಕ್ಕಗ ಉದ್ದವ್ವ ಬರಿಯೂದು.

ಕಾಗದ ಸುರೂ ಮಾಡೂಮುಂದ ಎಲ್ಲಾರೂ ಆರಾಮ ಅದೇವಿ ಅಂತ ಬರೀಬೇಕಂತ ನೀನ ಕಲಿಸಿದಾಕಿ. ಆರಾಮ ಇಲ್ಲ. ಅವ್ವನ ಮೊಣಕಾಲ ಬಾತಾವ, ನನ್ನ ತಲಿ ಕೆಟ್ಟೈತಿ. ಆದ್ರ ನಿನ್ನ ಕಾಗದ ಮೂರ ಸಲ ಓದೇನಿ. ಖರೇನ ಬರದಿಯೋ, ಚ್ಯಾಷ್ಟಿ ಮಾಡಾಕತ್ತಿಯೋ? ದಸರಾಕ್ಕ ನಾ ಕಟ್ಟಿಕೊಟ್ಟ ಕರದಂಟು ನಿಮ್ಮ ಪಾದ್ರ್ಯಾರ ದವಾಖಾನಿ ಡಾಕ್ಟರಬಾಯಿ ತಿಂದ್ಲಂತ. ಯೇಸು ಹುಟ್ಟಿದ ನಾತಾಳ ಹಬ್ಬಕ್ಕ ಹುಕ್ಕೇರಿ ಮಂದಿಗೆ ಕೊಡಾಕ ಇಪ್ಪತ್ನಾಲ್ಕು ಬುಟ್ಟಿ ತಿನಿಸು ಮಾಡಿ ಕಳಸಂದ್ಲಂತ. ಅದು ಛಲೋ ಬಂದ್ರ ಹೊಸ ವರ್ಷದಿಂದ ನನ್ನನ್ನ ದವಾಖಾನಿ ಅಡಿಗಿಮನ್ಯಾಗ ಕೆಲಸಕ್ಕ ತಗೊಂತಾಳಂತ. ಅಡಿಗಿಮನ್ಯಾಗ! ಅಂಗಳಾ ಕಸಾ ಹೊಡ್ಯಾಕಲ್ಲ, ಸಂಡಾಸ ತೊಳ್ಯಾಕಲ್ಲ. ಆ ಸಾಲು ಅವ್ವಗ ಎರಡ ಸಲ ಓದಿ ಹೇಳಿದ್ನಿ.

ಅವ್ವ ಏನಂದ್ಲು ಕೇಳು. "ಮೂವತ್ತ ವರ್ಷ ಆತು ಈ ಕೈಲೇ ದೊಡ್ಡ ಮನಿ ಕೂಸ ಹಿಡ್ಯಾಕತ್ತು. ಕೂಸ ಹಿಡಿ ಅಂತ ಒಳಗ ಕರೀತಾರ. ಬಾಣಂತಿಗೆ ಅಂಟಿನುಂಡಿ ಕಟ್ಟೂಮುಂದ, ತಾಯವ್ವಾ, ನೀ ಹೊರಗ ಕುಂಡ್ರು ಅಂತಾರ. ಹೊರಗ ಕುಂತ ನೋಡೇ ನಾ ಕಲತದ್ದು. ಈಗ ಕೆಳಗಿನ ಕೇರಿ ಉಂಡಿ ಯಾರ ತಿಂತಾರವಾ?"

"ಪಾದ್ರಿ ತಿಂತಾನ" ಅಂದ್ನಿ. ಅವ್ವ ನಕ್ಕಳು, ಹುಂ ಅನಲಿಲ್ಲ.

ನಾ ಹುಂ ಅಂದೇನಿ. ಬೌದ್ಧರಾಗಿ ಎರಡ ವರ್ಷ ಆತು, ಈಗ ಯೇಸುನ ಹಬ್ಬಕ್ಕ ತಿನಿಸು ಮಾಡೂನು. ಕೆಡಲಾರದ್ದು ಮೊದಲ ಮಾಡ್ತೇನಿ. ಗುರೆಳ್ಳ ಚಟ್ನಿ, ಶೇಂಗಾ ಚಟ್ನಿ ಈ ತಿಂಗಳಾ. ಆಮ್ಯಾಗ ಎಳ್ಳ ಹಚ್ಚಿದ ಕಡಕ ಸಜ್ಜಿರೊಟ್ಟಿ. ಅದರ ಬೆನ್ನಿಗೆ ಕರದಂಟು, ಅದು ತಿಂಗಳಾದ್ರೂ ಏನೂ ಆಗೂದಿಲ್ಲ. ಚಕ್ಕಲಿ ಎಲ್ಲಾಕಿಂತ ಕಡೀಕ, ಇಲ್ಲಂದ್ರ ಎಣ್ಣಿ ಕಮಟು ಹೊಡೀತೈತಿ.

ನಾಲ್ಕನೇ ಇಯತ್ತೆದಾಗ ಮಾಸ್ತರನ ಮ್ಯಾಗ ಪಾಟಿ ಒಗದು ಸಾಲಿ ಬಿಟ್ಟಾಕಿಗೆ ಪಗಾರದ ಕೆಲಸ ಯಾರ ಕೊಡ್ತಾರ? ಇದು ಬಿಟ್ರ ಮತ್ತ ಮಂದಿ ಹೊಲದಾಗ ಕಳೆ ಕೀಳೂದು. ಡಾಕ್ಟರಬಾಯಿ ಮಾತಿಗೆ ತಪ್ಪಾಕಿ ಅಲ್ಲಂತ ನೀ ಬರದ ಕೊಡು.

ಉದ್ದವ್ವ


ಹುಕ್ಕೇರಿ
ತಾ. 11-11-1958

ಪ್ರೀತಿಯ ಉದ್ದವ್ವನಿಗೆ,

ನಿನ್ನ ಕಾಗದ ತಲುಪಿತು. ಡಾಕ್ಟರಬಾಯಿಯವರು ಮಾತಿಗೆ ತಪ್ಪುವವರಲ್ಲ. ಆದರೆ ಅವರ ಕಣ್ಣು ಚುರುಕು. ಬುಟ್ಟಿಗಳು ಒಂದೇ ಅಳತೆಯವಿರಲಿ, ಮೇಲೆ ಕೆಂಪು ಬಟ್ಟೆ ಹೊಲಿದು ಮುಚ್ಚು. ಮೊದಲು ಒಂದು ಸೇರಿನಷ್ಟು ಕರದಂಟು ಮಾಡಿ ಮಾದರಿಗೆ ಕಳುಹಿಸು, ರುಚಿ ನೋಡಿ ಹೇಳುತ್ತಾರಂತೆ.

ಇಲ್ಲಿಯ ಅಡಿಗೆಯ ಅಪ್ಪಣ್ಣನಿಗೆ ಹೊಸಬರು ಬರುವುದು ಅಷ್ಟಾಗಿ ಹಿಡಿಸಲಾರದು. ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಸಿಟ್ಟು ಮಾಡದೆ ಕೆಲಸ ಮಾಡು. ಊರಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗಬೇಡ.

ಇನ್ನೊಂದು ಮಾತು. ವಿಳಾಸದಲ್ಲಿ 'ಪದ್ಮಾಬಾಯಿ' ಎಂದು ಬರೆ. ಇಲ್ಲಿ ಎಲ್ಲರೂ ಹಾಗೆ ಕರೆಯುತ್ತಾರೆ, ಕಾಗದ ಬೇಗ ಸಿಗುತ್ತದೆ.

ಅವ್ವನ ಕಾಲಿಗೆ ಬಿಸಿ ಉಪ್ಪಿನ ಶಾಖ ಕೊಡು.

ನಿನ್ನ ಅಕ್ಕ


ಮೇಲವಂಕಿ
ತಾ. 20-11-1958

ಪದ್ಮಾಬಾಯಾರಿಗೆ ಉದ್ದವ್ವನ ಸಲಾಮು!

ಸಾಕಾತಿಲ್ಲೋ? ನನಗಂತೂ ನೀ ಪದ್ಮಕ್ಕನ.

ಗೋಕಾಕಕ್ಕ ಹೋಗಿದ್ನಿ. ಶೆಟ್ಟೆಪ್ಪನ ಅಂಗಡ್ಯಾಗ ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸಿ, ಗೋಡಂಬಿ ಕೇಳಿದ್ನಿ. ನಾನು ಎಂದಿನಂಗ ಮೆಟ್ಟಲಾ ಕೆಳಗ, ಅವಾ ಮ್ಯಾಗ. ಅಂಟು ಅಷ್ಟೊಂದು ಯಾಕ ಅಂತ ಅವನ ಕಣ್ಣ ದೊಡ್ಡೂ ಆದೂ.

"ಏನಬೇ, ನಿಮ್ಮ ಕೇರ್ಯಾಗ ಎಷ್ಟ ಮಂದಿ ಹಡದಾರ? ಇಷ್ಟ ಅಂಟು ಒಬ್ಬ ಬಾಣಂತಿ ತಿಂದ್ರ ಗೋಡಿಗೆ ಅಂಟಕೊಂತಾಳ!"

"ನಮ್ಮ ಕೇರ್ಯಾಗಲ್ರಿ, ಹುಕ್ಕೇರ್ಯಾಗ. ಮೇರವ್ವ ಅಂತ, ಬರೂ ತಿಂಗಳಾ ಇಪ್ಪತ್ತೈದಕ್ಕ ಹಡೀತಾಳ" ಅಂದ್ನಿ.

"ತಾರೀಖ ಹ್ಯಾಂಗ ಗೊತ್ತ?"

"ಪ್ರತಿ ವರ್ಷ ಅದ ತಾರೀಖಿಗೆ ಹಡೀತಾಳ್ರಿ. ಗಂಡಮಗಾನ."

ಅವಾ ತಕ್ಕಡಿ ಹಿಡಕೊಂಡು ಕುಂತಾ. ತಿಳೀಲಿಲ್ಲ ಅವಗ. ನಾ ಮೂಡಲಗಿತನಾ ನಕ್ಕೋತ ಹ್ವಾದ್ನಿ. ಸಂತ್ಯಾಗ ಬುಟ್ಟಿ ಹೆಣಿಯೂ ರಾಮವ್ವಗ ಇಪ್ಪತ್ನಾಲ್ಕು ಬುಟ್ಟಿ ಹೇಳಿ ಬಂದೇನಿ. ಅಳತಿಗೆ ನನ್ನ ಸೀರಿ ಸೆರಗಿನ್ಯಾಗ ಗಂಟ ಹಾಕಿ ತೋರಿಸಿದ್ನಿ.

ಚಟ್ನಿ ಎರಡೂ ಮುಗದಾವ. ಖಾರಾ ಕುಟ್ಟಿ ಅಂಗೈ ಉರದು ಎರಡ ದಿನ ನೀರಾಗ ಇಟ್ಕೊಂಡ ಕುಂತಿದ್ನಿ. ಮಾದರಿ ಕರದಂಟು ಇದರ ಕೂಡ ಮೋಟಾರಿಗೆ ಕೊಟ್ಟೇನಿ. ತಿಂದು ಏನಂದ್ಲು, ಬರಿ. ಜಲ್ದಿ ಬರಿ. ಉಳದ ಅಂಟು ತಂದು ಮನ್ಯಾಗ ಇಟ್ಟೇನಿ.

ಉದ್ದವ್ವ


(ಕಾರ್ಡು)

ಹುಕ್ಕೇರಿ
ತಾ. 27-11-1958

ಉದ್ದವ್ವಾ, ಮಾದರಿ ತಲುಪಿತು. ಡಾಕ್ಟರಬಾಯಿಯವರು ಅಂಟು ಬೇಡ ಎಂದಿದ್ದಾರೆ. ಊರ ದೊಡ್ಡ ಮನೆಗಳಿಗೆ ಹೋಗುವ ಬುಟ್ಟಿ, ಅದರಲ್ಲಿ ಅಂಟು ಇರಲೇಕೂಡದು ಎಂದು ಖಂಡಿತವಾಗಿ ಹೇಳಿದ್ದಾರೆ. ಕಾರಣ ಕಾರ್ಡಿನಲ್ಲಿ ಬರೆಯುವಂಥದಲ್ಲ. ಬೇಸರ ಮಾಡಿಕೊಳ್ಳಬೇಡ.

ಅಕ್ಕ


ಮೇಲವಂಕಿ
ತಾ. 1-12-1958

ಪದ್ಮಾಬಾಯಿ,

ನಿನ್ನ ಕಾರ್ಡು ನಾ ಓದೂಕಿಂತ ಮೊದಲ ಊರೇ ಓದೈತಿ. ಟಪಾಲ ಹಣಮಂತ ಚಾವಡಿ ಕಟ್ಟಿ ಮ್ಯಾಗ ಕುಂತು ಒದರಿ ಓದಿದ. ನಾ ಅಲ್ಲೇ ಕೆಳಗ ನಿಂತಿದ್ನಿ, ಕೈ ಚಾಚಿಕೊಂಡು.

"ಅಂಟು ಬ್ಯಾಡಂತ ನೋಡ್ರಪಾ! ದೊಡ್ಡ ಮನಿಗೆ ಹೋಗೂದ್ರಾಗ ಇವರ ಅಂಟು ಇರಬಾರದಂತ!"

"ಪಾದ್ರ್ಯಾರಿಗೂ ಬ್ಯಾಡಾತೇನ ಇವರ ಅಂಟು?"

"ಅವರಿಗೂ ಜಾತಿ ಐತ್ಯೋ ಮಾರಾಯಾ. ಟೊಪ್ಪಿಗಿ ಒಳಗ ಮುಚ್ಚಿಟ್ಟಿರ್ತಾರ!"

ಹೊಟ್ಟಿ ಹಿಡಕೊಂಡ ನಕ್ಕರು. ಮೊದಲ ನನಗ ತಿಳೀಲಿಲ್ಲ. ಅಂಟು ಅಂದ್ರ ನನಗ ತುಪ್ಪದಾಗ ಅರಳೂ ಅಂಟು, ಗಿಡದ ಅಂಟು. ಮಂದಿ ನಗೂದ ನೋಡಿ ತಿಳೀತು, ಅವರಿಗೆ ಅಂಟು ಅಂದ್ರ ಮುಟ್ಟಿದ್ರ ಹತ್ತೂ ಅಂಟು. ಮೈಲಗಿ. ನಾವು.

ಮನಿಗೆ ಬಂದು ಮತ್ತ ಓದಿದ್ನಿ. ಕಾರ್ಡಿನ್ಯಾಗ ಬರಿಯುವಂಥದಲ್ಲ ಅಂದಿ. ಬ್ಯಾಸರ ಮಾಡಕೋಬ್ಯಾಡ ಅಂದಿ. ಕರದಂಟಿನ್ಯಾಗ ಅಂಟು ಬ್ಯಾಡಂದ್ರ ಏನ ಉಳೀತೈತಿ? ಹೆಸರಿನ್ಯಾಗ ಐತಲ್ಲ, ಕರದ ಅಂಟು! ಅದನ್ನ ತಗದ್ರ ಬರೇ ಬೆಲ್ಲದುಂಡಿ. ಹಂಗಾದ್ರ ಅವರು ಹೇಳಿದ್ದು ಗಿಡದ ಅಂಟಿಂದು ಅಲ್ಲ. ಚಾವಡಿ ಮಂದಿ ಹೇಳೂದು ಖರೆ.

ಸಜ್ಜಿ ಬೀಸೂದು ನಿಲ್ಲಿಸೇನಿ. ರಾಮವ್ವ ಬುಟ್ಟಿ ತಂದಿಳಿಸ್ಯಾಳ, ದನದ ಗ್ವಾದಲಿ ಬಾಜೂಕ ಒಟ್ಟೇನಿ. ಬೇಕಾದ್ರ ನಿಮ್ಮ ಡಾಕ್ಟರಬಾಯಿ ಬಂದು ತನ್ನ ಕೈಲೇ ಕಟ್ಟಲಿ, ಅಂಟಿಲ್ಲದ ಕೈಲೇ. ಅಡಿಗಿಮನಿ ಕೆಲಸ ಅಂತ ನಂಬಸಿ ನನಗ ಯಾಕ ಮಂಗ್ಯಾನ ಮಾಡಿದಿ? ನೀ ಅಲ್ಲಿ ಇದ್ದಿ. ಅವರು ಹಂಗಂದಾಗ ನಿನ್ನ ಬಾಯಾಗ ಏನ ಇತ್ತು?

ಉದ್ದವ್ವ


ಹುಕ್ಕೇರಿ
ತಾ. 5-12-1958

ಉದ್ದವ್ವಾ,

ನೀನು ತಿಳಿದದ್ದು ತಪ್ಪು. ಪೂರಾ ತಪ್ಪು. ಅಂಟು ಎಂದರೆ ಅಂಟೇ, ಶೆಟ್ಟೆಪ್ಪನ ಅಂಗಡಿಯ ಅಂಟು.

ನಡೆದದ್ದು ಹೀಗೆ. ಬೆಳಗಾವಿಯಿಂದ ಒಬ್ಬ ವಯಸ್ಸಾದ ಪಾದ್ರಿಯವರು ಬಂದಿದ್ದರು. ಡಾಕ್ಟರಬಾಯಿಯವರು ನಿನ್ನ ಮಾದರಿಯನ್ನು ಚಹದ ಜೊತೆ ಅವರ ಮುಂದಿಟ್ಟರು. ಅವರು ಕಡಿದರು, ಕಟ್ ಎಂದು ಸಪ್ಪಳವಾಯಿತು. ಅಂಗೈಯಲ್ಲಿ ಉಗುಳಿದರೆ ಅರ್ಧ ಹಲ್ಲು, ಅದರ ಜೊತೆ ಕಲ್ಲಿನಂಥ ಅಂಟಿನ ಹರಳು. ಹೊರಗೆ ಅರಳಿತ್ತು, ಒಳಗೆ ಹಸಿ ಇತ್ತು. ಡಾಕ್ಟರಬಾಯಿಯವರು ಬೆವತುಹೋದರು. ಊರ ದೊಡ್ಡವರ ಮನೆಯಲ್ಲಿ ಯಾರಾದರೂ ಹಲ್ಲು ಮುರಿದುಕೊಂಡರೆ ದವಾಖಾನೆಯ ಮಾನ ಏನಾದೀತು, ಅಂಟು ಬೇಡವೇ ಬೇಡ ಎಂದರು. ಇದನ್ನು ಕಾರ್ಡಿನಲ್ಲಿ ಬರೆದಿದ್ದರೆ ಹಣಮಂತ ಓದಿ ಊರೆಲ್ಲ ನಿನ್ನನ್ನು ನೋಡಿ ನಗುತ್ತಿತ್ತು. ನಿನ್ನ ಕೈಗುಣಕ್ಕೆ ಹೆಸರು ಕೆಡಬಾರದೆಂದು ಮುಚ್ಚಿಟ್ಟೆ. ಮುಚ್ಚಿಟ್ಟದ್ದೇ ಹೀಗಾಯಿತು.

ಹಬ್ಬಕ್ಕೆ ಇನ್ನು ಇಪ್ಪತ್ತು ದಿನವಿದೆ. ದಯಮಾಡಿ ಒಲೆ ಹೊತ್ತಿಸು. ಇಪ್ಪತ್ತನೇ ತಾರೀಖಿಗೆ ಬುಟ್ಟಿ ಇಲ್ಲಿರಬೇಕು. ಯಾರು ಮಾಡಿದರೆಂದು ಹುಕ್ಕೇರಿಯಲ್ಲಿ ಯಾರೂ ಕೇಳುವುದಿಲ್ಲ, ಗೋಕಾಕದ ಅಂಗಡಿಯ ಮಾಲು ಎಂದೇ ಎಲ್ಲರೂ ತಿಳಿದಿದ್ದಾರೆ. ಆದ್ದರಿಂದ ಆ ಹೆದರಿಕೆಯೂ ಬೇಡ.

ನಿನ್ನ ಅಕ್ಕ


ಮೇಲವಂಕಿ
ತಾ. 8-12-1958

ಅಕ್ಕಾ,

ಪಾದ್ರಿ ಹಲ್ಲಿನ ಸುದ್ದಿ ಕೇಳಿ ಅವ್ವ ಸೆರಗ ಬಾಯಾಗ ತುರಕ್ಕೊಂಡ ನಕ್ಕಾಳ. ಆಮ್ಯಾಗ ನನಗ ಬೈದಾಳ. ತಪ್ಪು ನಂದ. ಅವಸರಾ ಮಾಡಿ ಅಂಟು ಬಿಸಲಿಗೆ ಹಾಕಲಿಲ್ಲ, ಒಡೀಲಿಲ್ಲ, ದೊಡ್ಡ ಹರಳು ಇದ್ದಂಗ ಸುರವಿದ್ನಿ. ಪಾದ್ರ್ಯಾರಿಗೆ ತಪ್ಪಾತಂತ ಹೇಳು. ನಿನಗ ಬೈದದ್ದಕ್ಕೂ ತಪ್ಪಾತು.

ಒಲಿ ಹೊತ್ತಿಸೇನಿ. ರೊಟ್ಟಿ ಮುಗಿಯಾಕ ಬಂದಾವ. ಅಂಟು ಬಿಸಲಿಗೆ ಒಣಗಿಸಿ ಜ್ವಾಳದಷ್ಟು ಸಣ್ಣ ಒಡದು, ಸಣ್ಣ ಉರಿ ಮ್ಯಾಗ ಹಿಡಿ ಹಿಡಿ ಕರದೇನಿ. ಬಟ್ಟಲೀಲೆ ಒತ್ತಿದ್ರ ಹಿಟ್ಟ ಆಗತೈತಿ. ಅವ್ವಗ ಮುಂದಿನ ಹಲ್ಲಿಲ್ಲ, ಒಸಡಿಲೇ ತಿಂದಾಳ. ಅಂಟು ಬಿಡೂದಿಲ್ಲ ನಾ. ಡಾಕ್ಟರಬಾಯಿಗೆ ಮೊದಲ ಬುಟ್ಟಿ ಬಿಚ್ಚಿ ತಿನ್ನಂತ ಹೇಳು. ಆಕಿ ಹಲ್ಲ ಹ್ವಾದ್ರ ನನಗ ಕೆಲಸ ಬ್ಯಾಡ.

ಈಗ ಇನ್ನೊಂದು ಮಾತ. ಕಾಗದದ ಕಡೀಕ ಸಣ್ಣಗ ಬರದಿಯಲ್ಲ, ಗೋಕಾಕದ ಅಂಗಡಿ ಮಾಲು ಅಂತ ತಿಳದಾರ ಅಂತ. ಹಂಗ ಹೇಳಿದವ್ರು ಯಾರು? ನಾ ಖಾರಾ ಕುಟ್ಟಿ ಕೈ ಸುಟ್ಕೊಳ್ಳೂದು, ಹೆಸರು ಅಂಗಡೀದು? ಮುಂದ ಅಡಿಗಿಮನಿಗೆ ಬಂದ ಮ್ಯಾಗ ನನ್ನ ಯಾರಂತ ಹೇಳಾಕಿ ನೀ? ಅಂಗಡ್ಯಾಗಿಂದ ತಂದ ಮಾಲಂತ ಹೇಳ್ತಿಯೇನ?

ಪ್ರತಿ ಬುಟ್ಟಿಗೆ ಚೀಟಿ ಹೊಲೀತೇನಿ. ಮಾಡಿದಾಕಿ ಹೆಸರು ಇರಬೇಕು.

ಉದ್ದವ್ವ


ಹುಕ್ಕೇರಿ
ತಾ. 12-12-1958

ಉದ್ದವ್ವಾ,

ಚೀಟಿ ಹೊಲಿಯಬೇಡ. ಕಾಲಿಗೆ ಬೀಳುತ್ತೇನೆ ಎಂದು ತಿಳಿ.

ಅಂಗಡಿಯ ಮಾಲು ಎಂದು ಹೇಳಿದ್ದು ಡಾಕ್ಟರಬಾಯಿಯವರಲ್ಲ. ಅವರಿಗೆ ನೀನು ಯಾರೆಂದು ಗೊತ್ತಿದೆ. ಹೇಳಿದವಳು ನಾನು. ಅಪ್ಪಣ್ಣ ಎಲ್ಲಿಂದ ಬರುತ್ತವೆ ಎಂದು ಕೇಳಿದ, ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವನು ಊರಿಗೆ ಹೇಳಿದ.

ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ನಾಲ್ಕು ವರ್ಷದಿಂದ ಮುಂಜಾನೆ ವಾರ್ಡು ಒರೆಸಿದ ಮೇಲೆ ಚಹ ಮಾಡುವವಳು ನಾನು. ಅಪ್ಪಣ್ಣನೂ ಕುಡಿಯುತ್ತಾನೆ, ರೋಗಿಗಳ ಮನೆಯವರೂ ಕುಡಿಯುತ್ತಾರೆ. ಬಂದ ಹೊಸತರಲ್ಲಿ ಡಾಕ್ಟರಬಾಯಿಯವರು ಪದ್ಮಾಬಾಯಿ ಎಂದು ಕರೆದರು. ಮುಲ್ಕಿ ಪರೀಕ್ಷೆ ಪಾಸಾದವಳು, ಬಾಯಿ ಎಂದು ಕರೆಸಿಕೊಳ್ಳುವವಳು ಎಂದ ಮೇಲೆ ಯಾರೂ ಯಾವ ಕೇರಿ ಎಂದು ಕೇಳಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳು ಆಡಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನಾಲ್ಕು ವರ್ಷ ಕಳೆದೆ.

ಮೊದಲು ಬುಟ್ಟಿ ತಿನ್ನಲಿ, ರುಚಿ ಹತ್ತಲಿ. ನೀನು ಸದ್ದಿಲ್ಲದೆ ಬಂದು ಅಡಿಗೆಮನೆ ಸೇರು. ವರ್ಷವಾಗಲಿ. ಆಮೇಲೆ ತಿಳಿದರೂ ಯಾರೂ ಏನೂ ಅನ್ನಲಾರರು. ಈಗಲೇ ಚೀಟಿ ಹಚ್ಚಿದರೆ ಬುಟ್ಟಿ ಬಾಗಿಲಿನಿಂದ ಹಿಂದಕ್ಕೆ ಬರುತ್ತವೆ. ಅಪ್ಪಣ್ಣ ನಿನ್ನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಕೆಲಸ ಹೋಗುತ್ತದೆ ಉದ್ದೀ. ನಿನಗೆ ಬೇಕಾದದ್ದು ಕೆಲಸವೋ, ಜಗಳವೋ?

ಅಕ್ಕ


ಮೇಲವಂಕಿ
ತಾ. 18-12-1958

ಅಕ್ಕಾ,

ಇಪ್ಪತ್ನಾಲ್ಕು ಬುಟ್ಟಿ ಇವತ್ತ ಮೋಟಾರಿನ ಮ್ಯಾಗ ಏರಿಸೇನಿ. ಹಗ್ಗಾ ನಾನ ಬಿಗದೇನಿ. ಎರಡನೇ ಸಾಲಿಂದೊಂದು ಬುಟ್ಟಿ ಮ್ಯಾಗ ಮಸಿ ಹತ್ತೈತಿ, ಅದನ್ನ ಡಾಕ್ಟರಬಾಯಿಗೆ ಕೊಡು, ಆಕಿ ಏನೂ ಅನ್ನೂದಿಲ್ಲ.

ಚೀಟಿ ಹೊಲದೇನಿ. ಕೆಂಪ ಬಟ್ಟಿ ಮ್ಯಾಗ ಬಿಳೇ ಅರಬಿ ತುಂಡು, ಅದರ ಮ್ಯಾಗ ಮಸೀಲೆ ಬರದೇನಿ: ಮಾಡಿದಾಕಿ ಉದ್ದವ್ವ, ಸೂಲಗಿತ್ತಿ ತಾಯವ್ವನ ಮಗಳು, ಕೆಳಗಿನ ಕೇರಿ, ಮೇಲವಂಕಿ. ನಿನ್ನ ಹೆಸರು ಎಲ್ಲೂ ಇಲ್ಲ. ನಿನ್ನ ಚಹಾಕ್ಕ ಧಕ್ಕೆ ಇಲ್ಲ.

ಕೆಲಸ ಬೇಕೋ ಜಗಳ ಬೇಕೋ ಅಂತ ಕೇಳಿದಿ. ಕೆಲಸ ಬೇಕು. ಭಾಳ ಬೇಕು. ರಾಮವ್ವನ ಮುಂದ, ಶೆಟ್ಟೆಪ್ಪನ ಮುಂದ ಹೇಳಕೊಂಡ ಬಂದೇನಿ. ಸಿಗಲಿಲ್ಲಂದ್ರ ಮಾರಿ ಎಲ್ಲಿ ಇಟ್ಕೋಬೇಕು ನನಗ ಗೊತ್ತಿಲ್ಲ. ಆದ್ರ ಕದ್ದು ಹೊಕ್ಕ ಅಡಿಗಿಮನ್ಯಾಗ ಉಪ್ಪು ಹಾಕೂಮುಂದೂ ಬಾಗಿಲಾ ಕಡೆ ನೋಡಬೇಕಾಗತೈತಿ. ವರ್ಷ ಆಗಲಿ ಅಂತಿ. ನಿನಗ ನಾಲ್ಕ ಆದೂ. ಹೇಳೂ ದಿನಾ ಬಂತೇನು?

ಕತ್ತರಿ ನಿನ್ನ ಕೈಯಾಗ ಐತಿ. ಕತ್ತರಸಬೇಕಂದ್ರ ಕತ್ತರಸು, ನಾ ಅಲ್ಲಿ ಬಂದು ನೋಡೂದಿಲ್ಲ. ಆದ್ರ ಏನ ಮಾಡಿದಿ ಅಂತ ಬರಿ. ಇದೊಂದರಾಗ ಮುಚ್ಚಬ್ಯಾಡ.

ಉದ್ದವ್ವ


ಹುಕ್ಕೇರಿ
ತಾ. 29-12-1958

ಉದ್ದವ್ವಾ,

ಹತ್ತು ದಿನ ನಿನ್ನನ್ನು ಕಾಯಿಸಿದೆ. ಎರಡು ಕಾಗದ ಬರೆದು ಹರಿದೆ. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಮೊದಲ ಬುಟ್ಟಿಯನ್ನು ಡಾಕ್ಟರಬಾಯಿಯವರು ಬಿಚ್ಚಿ ತಿಂದರು. ಎರಡನೆಯ ತುಂಡನ್ನೂ ತೆಗೆದುಕೊಂಡರು. ಅಂಟಿನ ಮಾತು ಅಲ್ಲಿಗೆ ಮುಗಿಯಿತು. ಚೀಟಿ ನೋಡಿ, "ಇಟ್ರೂ ಸರಿ, ತಗದ್ರೂ ಸರಿ, ನಿಮಗ ಬಿಟ್ಟದ್ದು ಪದ್ಮಾಬಾಯಿ" ಎಂದು ವಾರ್ಡಿಗೆ ಹೋದರು.

ಇಪ್ಪತ್ಮೂರನೇ ತಾರೀಖು ಮಧ್ಯಾಹ್ನ ಉಗ್ರಾಣದಲ್ಲಿ ಕದ ಹಾಕಿಕೊಂಡು ಕುಳಿತೆ. ಕತ್ತರಿಸಿದೆ. ಹೌದು. ಒಂದು, ಎರಡು, ಐದು ಚೀಟಿ ಕತ್ತರಿಸಿದೆ. ನೀನು ಹೊಲಿಗೆ ಎಷ್ಟು ಒತ್ತಾಗಿ ಹಾಕಿದ್ದಿ, ಒಂದೊಂದಕ್ಕೂ ಬಟ್ಟೆ ಹರಿಯದಂತೆ ದಾರ ಎಳೆಯಬೇಕಾಗಿತ್ತು. ಆರನೆಯದಕ್ಕೆ ಅಪ್ಪಣ್ಣ ಉಪ್ಪು ತಗೊಳ್ಳಾಕ ಕದ ದೂಡಿ ಒಳಗ ಬಂದ. ಕೈಯಾಗ ನಾ ಮಾಡಿದ ಚಹಾ. ಕೆಳಗ ಬಿದ್ದಿದ್ದ ಚೀಟಿ ಎತ್ತಿ ಓದಿದ.

"ಯಾವಾಕಿ ಈ ತಾಯವ್ವ? ಅಂಗಡಿ ಮಾಲು ಅಂದಿದ್ರಲ್ರಿ ಬಾಯಾರ?"

ಗೊತ್ತಿಲ್ಲ ಅಂದಿದ್ರ ಆಗಿಹೋಗತಿತ್ತು ಉದ್ದೀ. ಬಾಯಿತನಾ ಬಂದಿತ್ತು ಆ ಮಾತ.

"ನಮ್ಮವ್ವ" ಅಂದ್ನಿ.

"ಅಂದ್ರ?"

"ಹಡದವ್ವ. ಇದನ್ನ ಮಾಡಿದಾಕಿ ನನ್ನ ತಂಗಿ."

ಅವಾ ಚಹಾ ನೋಡಿದ. ಅರ್ಧಾ ಕುಡದಿದ್ದ. ಒಂದ ಹನಿ ಚೆಲ್ಲಲಾರದಂಗ ನೆಲದ ಮ್ಯಾಗ ಇಟ್ಟ. "ನಾಲ್ಕ ವರ್ಷ ನನಗ ಕುಡಿಸೀರಿ" ಅಂದ.

"ಒಂದ ದಿನಾರ ಹೊಟ್ಟಿ ನೋವ ಬಂತೇನ್ರಿ?" ಅಂದ್ನಿ. ನನ್ನ ದನಿ ನಿನ್ನ ದನಿಯಂಗ ಕೇಳ್ತು.

ಉಳದ ಚೀಟಿ ಕತ್ತರಸಲಿಲ್ಲ. ಡಾಕ್ಟರಬಾಯಿದೊಂದು ಬಿಟ್ಟು ಹದಿನೆಂಟು ಬುಟ್ಟಿ ಚೀಟಿ ಕೂಡ ಹ್ವಾದೂ, ಐದು ಚೀಟಿ ಇಲ್ಲದ. ಆ ಐದು ಒಂದೂ ತಿರುಗಿ ಬರಲಿಲ್ಲ, ಭಾಳ ರುಚಿ ಅದಾವ ಅಂತ ಎರಡ ಮನಿಯಿಂದ ಹೇಳಿ ಕಳಸ್ಯಾರ. ಹದಿನೆಂಟರಾಗ ಎಂಟು ತಿರುಗಿ ಬಂದೂ. ಒಬ್ಬರು ಬುಟ್ಟಿ ಕೋಲೀಲೆ ಎತ್ತಿ ಕಟ್ಟಿ ಕೆಳಗ ಇಟ್ರಂತ. ಹತ್ತು ಉಳದೂ. ಉಳದದ್ದು ತಿಂದ್ರೋ, ದನಕ್ಕ ಹಾಕಿದ್ರೋ, ನನಗ ಗೊತ್ತಿಲ್ಲ. ಸುಳ್ಳ ಬರಿಯೂದಿಲ್ಲ.

ತಿರುಗಿ ಬಂದ ಎಂಟನ್ನೂ ಹಬ್ಬದ ದಿನಾ ವಾರ್ಡಿನ್ಯಾಗ ಬಿಚ್ಚಿ, ಯಾರ ಮಾಡ್ಯಾರ ಅಂತ ಮೊದಲ ಹೇಳಿ, ಆಮ್ಯಾಗ ಹಂಚಿದ್ನಿ. ಕೈ ಮುಂದ ಮಾಡಿದವ್ರಿಗೆ ಕೊಟ್ನಿ, ಮಾರಿ ತಿರುವಿದವ್ರನ್ನ ದಾಟಿ ಹ್ವಾದ್ನಿ.

ಅಪ್ಪಣ್ಣ ಮರದಿನ ಡಾಕ್ಟರಬಾಯಿ ಮುಂದ ನಿಂತು, "ಆಕಿ ಅಡಿಗಿಮನಿಗೆ ಬಂದ್ರ ನಾ ಇರೂದಿಲ್ರಿ" ಅಂದ. ಆಕಿ ಎರಡ ದಿನಾ ತಡಿ ಅಂದ್ಲು. ಆ ಎರಡ ದಿನಾ ನಾ ಅನ್ನಾ ಉಣ್ಣಲಿಲ್ಲ. ಇವತ್ತ ಮುಂಜಾನಿ ಕರದು, "ನಾ ಮಾತ ಕೊಟ್ಟೇನಿ, ನಿಮ್ಮ ತಂಗಿ ಬರಲಿ" ಅಂದ್ಲು. ಅಪ್ಪಣ್ಣ ಅರಬಿ ಗಂಟು ಕಟ್ಟಿಕೊಂಡು ಹ್ವಾದ. ಈಗ ಒಲಿ ಮುಂದ ನಾನ ಅದೇನಿ. ದವಾಖಾನ್ಯಾಗ ನಲವತ್ತ ಮಂದಿ ರೋಗಿಗಳು. ಹದಿನಾರು ಮಂದಿ ಉಣ್ಣೂದಿಲ್ಲ ಅಂದಾರ, ಮನಿಯಿಂದ ಬುತ್ತಿ ತರಿಸಿಕೊಂತಾರ. ನಾಳೆ ಹದಿನೇಳು ಆದ್ರೂ ಆದೀತು. ನನ್ನ ಚಹಾ ಈಗ ಅರ್ಧಾ ಮಂದಿ ಕುಡಿಯೂದಿಲ್ಲ.

ಬರೂದು ಬ್ಯಾಡ ಅನಸಿದ್ರ ಬರಬ್ಯಾಡ. ನಾ ಬೈಯೂದಿಲ್ಲ. ಬರ್ತಿ ಅಂದ್ರ ಈಗ ಒಬ್ಬಾಕಿನ ಬಾ, ಅವ್ವನ್ನ ಆಮ್ಯಾಗ ಕರಸೂಣು; ಹೆದರಕೊಂಡ ಬರಬ್ಯಾಡ.

ಅಕ್ಕ


ಮೇಲವಂಕಿ
ತಾ. 1-1-1959

ಅಕ್ಕಾ,

ಐದು ಕತ್ತರಿಸಿದಿ. ಬರದಿಯಲ್ಲ, ಸಾಕು.

ಸೋಮವಾರ ಮೊದಲನೇ ಮೋಟಾರಿಗೆ ಬರ್ತೇನಿ. ಅವ್ವ ಕಾಲ ಬಾವ ಇಳದ ಮ್ಯಾಗ ಬರ್ತಾಳಂತ, ಅಲ್ಲಿತನಾ ಬಾಜೂಮನಿ ಬಾಳವ್ವ ನೋಡಿಕೊಂತಾಳ. ನನ್ನ ಹತ್ರ ಎರಡ ಸೀರಿ ಅದಾವ, ಒಂದು ಹರದೈತಿ. ಅಡಿಗಿಮನ್ಯಾಗ ಉಡಾಕ ನಿಂದೊಂದು ತಗದಿಡು.

ಹದಿನಾರು ಮಂದಿ ಉಣ್ಣೂದಿಲ್ಲ ಅಂದಿ. ಉಣದಿದ್ರ ಬಿಡಲಿ ಅವರು. ಆದ್ರ ಇಪ್ಪತ್ನಾಲ್ಕು ಮಂದಿಗಷ್ಟ ಅಳತಿ ಹಾಕಬ್ಯಾಡ ನೀ. ನಾ ಬರೂದ್ರೊಳಗ ನಲವತ್ತೂ ಮಂದೀದು ಜ್ವಾಳಾ ಬೀಸಿಸಿ ಇಡು.

ಉದ್ದವ್ವ